ಸಿಮ್ ಎಲ್ಲರ ಕೈಗೂ ಬಂದ ಮೇಲೆ

ಹೊಸ ಗಿರಾಕಿ ಸಿಗುವುದು ನಿಂತಾಗ ಮೊಬೈಲ್ ಮಾರುಕಟ್ಟೆ ಬಲಿತಿದೆ ಎನ್ನುತ್ತಾರೆ. 2017ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಸುಮಾರು 117 ಕೋಟಿ ಮೊಬೈಲ್ ಸಂಪರ್ಕಗಳಿದ್ದವು. ಏಳು ವರ್ಷ ಕಳೆದು 2024ರ ಡಿಸೆಂಬರ್ ಬಂದಾಗ ಅವು ಸುಮಾರು 115 ಕೋಟಿ. ಗಿರಾಕಿಗಳು ಹೆಚ್ಚಲಿಲ್ಲ, ಮಾರುಕಟ್ಟೆಯಲ್ಲಿ ಉಳಿದುಕೊಂಡ ಕಂಪನಿಗಳ ಆದಾಯ ಮಾತ್ರ ಹೆಚ್ಚಿತು. ಈ ಬೆಳವಣಿಗೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಒಳ್ಳೆಯ ಉದಾಹರಣೆ.

2011ರ ಜನಗಣತಿಯ ಪ್ರಕಾರ ಈ ಒಂದೊಂದು ತಾಲ್ಲೂಕಿನ ಜನಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಇವರಲ್ಲಿ ಬಹುಪಾಲು ಜನ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಹಾದಿಯ ಆಸುಪಾಸಿನಲ್ಲಿ ಇದ್ದಾರೆ. ಪೂರ್ವಕ್ಕೆ ಹೋದಂತೆ ಘಟ್ಟ, ಕಾಡು, ಅಡಿಕೆ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ.

ಸ್ಥಿರ ದೂರವಾಣಿಯ ಕಾಲದಲ್ಲಿ ಭಟ್ಕಳಕ್ಕೆ 08385, ಕುಮಟಾಕ್ಕೆ 08386, ಹೊನ್ನಾವರಕ್ಕೆ 08387 ಎಂಬ ಎಸ್‌ಟಿಡಿ ಸಂಖ್ಯೆಗಳಿದ್ದವು, ಇಂದಿಗೂ ಇವೆ. ಭಟ್ಕಳದ ಅನೇಕ ಮನೆಗಳ ದುಡಿಯುವವರು ಕೊಲ್ಲಿ ದೇಶಗಳಲ್ಲಿ ಇದ್ದುದರಿಂದ ಐಎಸ್‌ಡಿ ಬೂತ್‌ಗೆ ಅಲ್ಲಿ ತನ್ನದೇ ಮಹತ್ವವಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಮೊಬೈಲ್ ಸಾಮಾನ್ಯರ ಕೈಗೆ ಬಂತು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾದಾಗ ಡೇಟಾ ದರ ಕುಸಿಯಿತು. ಹಳೆಯ ಸಿಮ್ ಇಟ್ಟುಕೊಂಡೇ ಇನ್ನೊಂದು ಸಿಮ್ ಕೊಳ್ಳುವವರು ಹೆಚ್ಚಿದರು. 2018ರ ಕೊನೆಗೆ ಕಂಪನಿಗಳು ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿದವು. ಬರೀ ಒಳಬರುವ ಕರೆಗೆಂದು ಇಟ್ಟಿದ್ದ ಎರಡನೇ ಸಿಮ್‌ಗೂ ಕರೆನ್ಸಿ ಹಾಕಿಸಬೇಕಾಯಿತು; ಬಹಳಷ್ಟು ಜನ ಅದನ್ನು ಕೈಬಿಟ್ಟರು. ಸಂಪರ್ಕಗಳ ಎಣಿಕೆ ಏರದೆ ಉಳಿಯಲು ಇದೂ ಒಂದು ಕಾರಣ.

ಆಮೇಲಿನ ಬೆಳವಣಿಗೆಯ ಮೊದಲ ದಾರಿ ದರ. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ — ಮೂರು ಸಲ ದರ ಏರಿತು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 28 ದಿನಗಳ ಪ್ಲಾನ್ ಕೊನೆಯ ಏರಿಕೆಯಲ್ಲಿ 239 ರೂಪಾಯಿಯಿಂದ 299ಕ್ಕೆ ಹೋಯಿತು. ಒಬ್ಬ ಗಿರಾಕಿಯಿಂದ ಏರ್‌ಟೆಲ್‌ಗೆ ಸಿಗುವ ತಿಂಗಳ ಸರಾಸರಿ ಆದಾಯ 2019ರ ಕೊನೆಯ ತ್ರೈಮಾಸಿಕದಲ್ಲಿ 135 ರೂಪಾಯಿ ಇತ್ತು; 2024ರ ಕೊನೆಗೆ 245 ಆಯಿತು.

ಎರಡನೆಯದು ಬಳಕೆ. 2014ರಲ್ಲಿ ಒಬ್ಬರು ತಿಂಗಳಿಗೆ ಸರಾಸರಿ 100 ಎಂಬಿ ಡೇಟಾವನ್ನೂ ಬಳಸುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಅದು 20 ಜಿಬಿ ಮುಟ್ಟಿತು; ಹೆಚ್ಚು ಡೇಟಾ ಬೇಕಾದವರು ಹೆಚ್ಚು ಬೆಲೆಯ ಪ್ಲಾನ್ ಕೊಳ್ಳುತ್ತಾರೆ.

ಮೂರನೆಯದು ಮನೆಯ ಬ್ರಾಡ್‌ಬ್ಯಾಂಡ್. ತಾಮ್ರದ ತಂತಿ ಕಿತ್ತ ಮನೆಗಳಿಗೇ ಈಗ ಫೈಬರ್ ಬರುತ್ತಿದೆ. ಊರಿನ ಕೇಬಲ್‌ನವರನ್ನು ಪಾಲುದಾರರಾಗಿ ಸೇರಿಸಿಕೊಂಡು ಬಿಎಸ್‌ಎನ್‌ಎಲ್ ಇದನ್ನು ಎಳೆಯುತ್ತದೆ. 2020ರಲ್ಲಿ ದೇಶದಲ್ಲಿ ಸುಮಾರು 2 ಕೋಟಿಗೆ ಇಳಿದಿದ್ದ ಸ್ಥಿರ ಸಂಪರ್ಕಗಳು 2024ರ ಕೊನೆಗೆ 4 ಕೋಟಿಯ ಸಮೀಪ ಬಂದವು. ಫೈಬರ್ ಎಳೆಯಲಾಗದ ಕಡೆ 5ಜಿ ಟವರ್‌ನಿಂದಲೇ ಮನೆಗೆ ಇಂಟರ್ನೆಟ್ ಕೊಡುವ ಏರ್‌ಫೈಬರ್ 2023ರಲ್ಲಿ ಬಂತು.

ನಾಲ್ಕನೆಯದು ಪೈಪೋಟಿ. ಹೊಸಬರಿಲ್ಲದಾಗ ಒಂದು ಕಂಪನಿಯ ಗಳಿಕೆ ಇನ್ನೊಂದರ ನಷ್ಟ. 2011ರ ಜನವರಿಯಿಂದ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. 2024ರ ದರ ಏರಿಕೆಯಾದ ಕೂಡಲೇ ಖಾಸಗಿ ಕಂಪನಿಗಳು ಗಿರಾಕಿಗಳನ್ನು ಕಳೆದುಕೊಂಡವು. ದರ ಏರಿಸದ ಬಿಎಸ್‌ಎನ್‌ಎಲ್‌ಗೆ ಕೆಲವು ತಿಂಗಳು ಹೊಸ ಗಿರಾಕಿಗಳು ಸಿಕ್ಕರು.

ಈ ನಾಲ್ಕೂ ದಾರಿಗಳು ಕಡಲಂಚಿನ ಪೇಟೆಗಳಿಗೆ ಸಲ್ಲುವಂಥವು. ಘಟ್ಟದ ಬುಡದ ಮಜಿರೆಗಳ ಲೆಕ್ಕ ಬೇರೆ. ಪೇಟೆಯಲ್ಲಿ ಒಂದು ಟವರ್‌ಗೆ ಸಾವಿರಾರು ಗಿರಾಕಿಗಳಿದ್ದರೆ ಕಣಿವೆಯಲ್ಲಿ ಕೆಲವೇ ಮನೆಗಳು. ಗುಡ್ಡ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ. ಅರಣ್ಯ ಭೂಮಿಯಾದರೆ ಟವರ್‌ಗೆ ಅನುಮತಿ ಬೇಕು, ವಿದ್ಯುತ್ ಕೈಕೊಟ್ಟರೆ ಜನರೇಟರ್‌ಗೆ ಡೀಸೆಲ್ ಬೇಕು. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆ ಜಿಲ್ಲೆಯ ಮಕ್ಕಳು ರೇಂಜ್ ಹುಡುಕಿ ಗುಡ್ಡ ಹತ್ತಿದ್ದು ಇದರಿಂದಲೇ.

ಲಾಭ ಕಾಣದ ಕಡೆ ಖಾಸಗಿ ಹಣ ಬರುವುದಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ದೇಶದ 24,680 ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಮಂಜೂರು ಮಾಡಿ, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ಒಪ್ಪಿಸಿತು. ಬಲಿತ ಮಾರುಕಟ್ಟೆಯಲ್ಲಿ ಮೊದಲ ಸಂಪರ್ಕ ಕೊಡುವುದು ಇನ್ನೂ ಬಾಕಿ ಇರುವುದು ಇಂಥ ಊರುಗಳಲ್ಲಿ ಮಾತ್ರ. ಅಲ್ಲಿಗೆ ಟವರ್ ಬರುವುದು ಸರ್ಕಾರದ ಹಣದಿಂದಲೇ.