ತಲೆಯೊಳಗೆ ನಾಲ್ಕು ಕೋಟಿ ಅಂಕಿ



ಚಿತ್ರಗಳ ವಿಷಯವನ್ನು ಬಾನುಲಿಯಲ್ಲಿ ಹೇಳಲು ಕೂತಿದ್ದೇನೆ. ತೋರಿಸೋಣವೆಂದರೆ ದಾರಿಯಿಲ್ಲ. ಆದರೆ ಇದರಿಂದ ಒಂದು ಅನುಕೂಲವೇ ಆಯಿತು. ಮಿದುಳಿನ ಸ್ಕ್ಯಾನ್ ಓದುವ ಗಣಕಯಂತ್ರದ್ದೂ ನಿಮ್ಮದೇ ಪಾಡು. ಅದಕ್ಕೂ ಚಿತ್ರ ಕಾಣುವುದಿಲ್ಲ, ಅದರ ಮುಂದಿರುವುದು ಬರೀ ಅಂಕಿ.

ಬಂದರಿನವರ ಬಳಿ ಇರುವ ಕಡಲ ನಕ್ಷೆಯನ್ನು ನೆನಪಿಸಿಕೊಳ್ಳಿ. ತಳದ ಮರಳು, ಬಂಡೆ ಯಾವುದರ ಚಿತ್ರವೂ ಅದರಲ್ಲಿ ಇರುವುದಿಲ್ಲ. ಹಾಳೆಯ ತುಂಬ ಆಳ ಸೂಚಿಸುವ ಅಂಕಿಗಳು. ಎಂಟು, ಎಂಟು, ಒಂಬತ್ತು ಎಂದು ಸಾಗುತ್ತಿದ್ದ ಸಾಲು ಥಟ್ಟನೆ ಎರಡಕ್ಕೆ ಬಂದರೆ ಹಡಗಿನವನು ಚುಕ್ಕಾಣಿ ತಿರುಗಿಸುತ್ತಾನೆ. ಕಾಣದ ಬಂಡೆಯನ್ನು ಅವನಿಗೆ ಅಂಕಿಯೇ ಹೇಳಿತು. ಸ್ಕ್ಯಾನ್ ಓದುವುದೂ ಹೆಚ್ಚುಕಡಿಮೆ ಹೀಗೆಯೇ.

ಅಂಕೋಲಾದ ಕಡೆ ಒಬ್ಬರು ಬೆಳಿಗ್ಗೆ ಎದ್ದು ಚಹಾ ಕುಡಿಯುವಾಗ ಬಾಯಿ ಸೊಟ್ಟಗಾಯಿತು, ಬಲಗೈ ಮೇಲೇಳಲಿಲ್ಲ ಎನ್ನಿ. ಲಕ್ವ ಹೊಡೆಯಿತು ಎನ್ನುತ್ತೇವೆ. ಈ ಲಕ್ವದಲ್ಲಿ ಎರಡು ಬಗೆ. ಒಂದರಲ್ಲಿ ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಕೂತಿರುತ್ತದೆ, ಇನ್ನೊಂದರಲ್ಲಿ ನಾಳ ಒಡೆದು ರಕ್ತ ಸುರಿದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ರಕ್ತ ಸುರಿಯುತ್ತಿರುವವರಿಗೆ ಅದೇ ಔಷಧಿ ಪ್ರಾಣಕ್ಕೆ ಎರವು. ಹಾಗಾಗಿಯೇ ಎಲ್ಲಕ್ಕಿಂತ ಮೊದಲು ಸಿ.ಟಿ. ಸ್ಕ್ಯಾನ್.

ಈ ಯಂತ್ರ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. 1979ರಲ್ಲಿ ಅವರಿಗೂ ಅಲನ್ ಕೊರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಸಿ.ಟಿ.ಯ ಅಳತೆಗೆ ಹೌನ್ಸ್‌ಫೀಲ್ಡರದೇ ಹೆಸರು. ನೀರು ಸೊನ್ನೆ, ಗಾಳಿ ಸೊನ್ನೆಗಿಂತ ಸಾವಿರ ಕೆಳಗೆ, ಗಟ್ಟಿ ಮೂಳೆ ಸಾವಿರದ ಆಸುಪಾಸು ಮೇಲೆ. ಮಿದುಳು ಮೂವತ್ತು ನಲವತ್ತರಲ್ಲಿ ಇರುತ್ತದೆ, ಆಗತಾನೇ ಹೆಪ್ಪುಗಟ್ಟಿದ ರಕ್ತ ಅರವತ್ತು ಎಪ್ಪತ್ತರಲ್ಲಿ. ಎರಡು ಸಾವಿರದ ಏಣಿಯಲ್ಲಿ ಬದುಕು ಸಾವಿನ ಅಂತರ ಮೂವತ್ತೇ ಮೆಟ್ಟಿಲು.

ಇನ್ನು ಮೂರು ಆಯಾಮದ ಮಾತು. ಮೀನು ಮಾರ್ಕೆಟ್ಟಿನಲ್ಲಿ ಇಸ್ವಾಣ ಕೊಯ್ಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತುಂಡಿನಲ್ಲಿ ಕಪ್ಪು ಕಲೆ ಕಂಡರೆ ಅದು ಚುಕ್ಕೆಯೋ ಉದ್ದಕ್ಕೂ ಹರಿದ ನರವೋ ಗೊತ್ತಾಗುವುದಿಲ್ಲ. ಮುಂದಿನ ತುಂಡು, ಹಿಂದಿನ ತುಂಡು ಎರಡನ್ನೂ ತಿರುವಿ ನೋಡಬೇಕು. ಒಂದು ಮಿಲಿಮೀಟರ್ ದಪ್ಪಕ್ಕೆ ತಲೆಯನ್ನು ನೂರ ಅರವತ್ತು ಬಿಲ್ಲೆ ಮಾಡಿದರೆ, ಒಂದೊಂದು ಬಿಲ್ಲೆಯಲ್ಲೂ 512 ಸಾಲು, ಸಾಲಿಗೆ 512 ಮನೆ. ಒಟ್ಟು ಲೆಕ್ಕ ನಾಲ್ಕು ಕೋಟಿ ದಾಟುತ್ತದೆ. ಗಣಕ ಈ ಬಿಲ್ಲೆಗಳನ್ನು ಮತ್ತೆ ಜೋಡಿಸಿ, ತಲೆಬುರುಡೆಯನ್ನು ಕಳಚಿಟ್ಟು, ಒಳಗಿನ ಒಂದೊಂದು ಮನೆಯನ್ನೂ ಅದರ ಸುತ್ತಲಿನ ನೆರೆಮನೆಗಳ ಜೊತೆ ತೂಗಿ ನೋಡುತ್ತದೆ. ವಯಸ್ಸಾದವರ ಮಿದುಳಿನಲ್ಲಿ ಸುಣ್ಣ ಕಟ್ಟಿದ ಜಾಗವೂ ಬೆಳ್ಳಗೆ ಕಾಣುತ್ತದೆ. ಅದು ರಕ್ತವಲ್ಲ ಎಂದು ಹೇಳಲು ಬಣ್ಣ ಸಾಲದು, ಅಂಕಿ ಬೇಕು, ಜಾಗವೂ ಬೇಕು.

ಇದನ್ನು ಗಣಕಕ್ಕೆ ಕಲಿಸುವುದು ಹೇಗೆ? ತೋರಿಸಿ ತೋರಿಸಿಯೇ. ಮುಂಬೈಯ ಕ್ಯೂರ್ ಎಂಬ ಸಂಸ್ಥೆಯವರು ಭಾರತದ ಸುಮಾರು ಇಪ್ಪತ್ತು ಕೇಂದ್ರಗಳಿಂದ 3,13,318 ತಲೆಯ ಸಿ.ಟಿ.ಗಳನ್ನು, ವೈದ್ಯರು ಬರೆದ ವರದಿಗಳ ಸಮೇತ, ಸೇರಿಸಿದ್ದರು. ಆ ಕೆಲಸ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರಕ್ತಸ್ರಾವ, ಬುರುಡೆಯ ಬಿರುಕು, ಮಿದುಳಿನ ನಡುಗೆರೆ ಪಕ್ಕಕ್ಕೆ ಸರಿದದ್ದು, ಇಂಥವನ್ನು ಗುರುತಿಸುವ ಕಲಿಕೆ. ಇದರ ದೊಡ್ಡ ಉಪಯೋಗ, ನನ್ನ ಮಟ್ಟಿಗೆ, ಸರದಿಯನ್ನು ಬದಲಿಸುವುದು. ವೈದ್ಯರ ಮೇಜಿನ ಮೇಲೆ ನಲವತ್ತು ಸ್ಕ್ಯಾನ್ ಕಾದಿದ್ದರೆ, ರಕ್ತ ಸುರಿಯುತ್ತಿರುವ ತಲೆಯನ್ನು ಅದು ಮೇಲಕ್ಕೆ ತಂದಿಡುತ್ತದೆ. ತೀರ್ಪು ವೈದ್ಯರದೇ.

ಆದರೆ ತೋರಿಸಿದ್ದನ್ನಷ್ಟೇ ಕಲಿಯುವ ವಿದ್ಯಾರ್ಥಿ ಇದು. ನಮ್ಮಲ್ಲಿ ಅಪಸ್ಮಾರಕ್ಕೆ ಒಂದು ಮುಖ್ಯ ಕಾರಣ ಮಿದುಳು ಸೇರಿದ ಲಾಡಿಹುಳದ ಮರಿ. ಅದು ಸತ್ತು ಸುಣ್ಣದ ಚುಕ್ಕೆಯಾಗಿ ಉಳಿಯುತ್ತದೆ. ಇಂಥ ತಲೆಗಳನ್ನು ನೋಡದೇ ಕಲಿತ ಯಂತ್ರ ಏನೆಂದುಕೊಳ್ಳಬೇಕು?

ಇಲ್ಲಿಗೆ ಅಳತೆಗೋಲಿನ ಪ್ರಶ್ನೆ ಬಂತು. ಹಿಂದೆ ಒಂದೊಂದು ಸೀಮೆಗೆ ಒಂದೊಂದು ಕೊಳಗವಿತ್ತು. ಬೇರೆ ಸೀಮೆಯ ಕೊಳಗದಲ್ಲಿ ಅಳೆದು ಕಡಿಮೆ ಬಿತ್ತೆಂದರೆ, ಭತ್ತ ಕಡಿಮೆಯೋ ಕೊಳಗ ದೊಡ್ಡದೋ ಎಂದು ಜಗಳ. ಮಿದುಳಿನಲ್ಲೂ ಹೀಗಾಗಿದೆ. ಇನ್ನೊಂದು ಬಗೆಯ ಸ್ಕ್ಯಾನ್ ಆದ ಎಂ.ಆರ್.ಐ. ಚಿತ್ರವನ್ನು ಅಳೆಯಬೇಕಾದರೆ ಅದನ್ನು ಒಂದು ಮಾದರಿ ಮಿದುಳಿನ ಮೇಲೆ ಕೂರಿಸಬೇಕು. 1988ರಲ್ಲಿ ತಾಲೈರಾಕ್ ಮತ್ತು ಟೂರ್ನೂ ಎಂಬವರು ಕೊಟ್ಟ ಮಾದರಿ ಅರವತ್ತು ವರ್ಷದ ಒಬ್ಬಳೇ ಹೆಂಗಸಿನದು, ಅದೂ ತೀರಿಕೊಂಡ ಮೇಲೆ ತೆಗೆದದ್ದು. ಆಮೇಲೆ ಕೆನಡಾದ ಮಾಂಟ್ರಿಯಲ್‌ನವರು 152 ಜನರ ಸರಾಸರಿ ತೆಗೆದರು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಅದರಲ್ಲೇ ಅಳೆಯುತ್ತ ಬಂದಿವೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 466 ಭಾರತೀಯರ ಎಂ.ಆರ್.ಐ. ತೆಗೆದುಕೊಂಡು 2020ರಲ್ಲಿ ಐದು ಮಾದರಿಗಳನ್ನು ಪ್ರಕಟಿಸಿದರು. ಆರರಿಂದ ಅರವತ್ತರವರೆಗೆ ಐದು ವಯೋಮಾನ, ಒಂದೊಂದಕ್ಕೆ ಒಂದೊಂದು. ಪರದೇಶದ ಮಾದರಿಗೆ ಹೊಂದಿಸಲು ನಮ್ಮ ಮಿದುಳಿನ ಚಿತ್ರವನ್ನು ಹೆಚ್ಚು ಹಿಗ್ಗಿಸಬೇಕು, ಕುಗ್ಗಿಸಬೇಕು. ಹಾಗೆ ಎಳೆದಾಡಿದಷ್ಟೂ ತಪ್ಪು ನುಸುಳುತ್ತದೆ. ಸ್ವಂತ ಕೊಳಗವಾದರೆ ಎಳೆದಾಟ ಕಡಿಮೆ. ನನ್ನದೊಂದು ತಕರಾರು: ಇದು ಅರವತ್ತಕ್ಕೆ ನಿಲ್ಲುತ್ತದೆ, ಮರೆವಿನ ಕಾಯಿಲೆ ಜೋರಾಗುವುದು ಅರವತ್ತರ ನಂತರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ನಲವತ್ತೈದು ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವುದು ಇದಕ್ಕೇ ಮುಖ್ಯ.

ಮರೆವಿನ ಕಾಯಿಲೆಯಲ್ಲಿ ಮೊದಮೊದಲು ಸೊರಗುವ ಭಾಗಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ಗ್ರೀಕರ ಮಾತಿನಲ್ಲಿ ಕಡಲಕುದುರೆ, ಆಕಾರವೂ ಹಾಗೆಯೇ ಬಾಗಿದೆ. ಎಡಕ್ಕೊಂದು ಬಲಕ್ಕೊಂದು, ಒಂದೊಂದೂ ಮೂರು ನಾಲ್ಕು ಮಿಲಿಲೀಟರು, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ವರ್ಷಕ್ಕೆ ಅದೆಷ್ಟು ಕರಗಿತೆಂದು ಬರಿಗಣ್ಣಿಗೆ ಹೇಳಲಾಗದು. ಗಣಕ ಮನೆ ಎಣಿಸಿ ಹೇಳುತ್ತದೆ.

ಯಂತ್ರ ಎಷ್ಟು ಬೇಗ ಓದಿದರೂ ರೋಗಿ ಹೋಗಬೇಕಾದದ್ದು ರಸ್ತೆಯಲ್ಲೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂಬ ಬಹುಕಾಲದ ಕೂಗಿಗೆ ಯಾವ ಗಣಕವೂ ಉತ್ತರವಲ್ಲ. ಆದರೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ, ಇತ್ತ ಮಣಿಪಾಲಕ್ಕೋ ಆಂಬುಲೆನ್ಸ್ ಮುಟ್ಟುವ ಮೊದಲೇ ಆ ನಾಲ್ಕು ಕೋಟಿ ಅಂಕಿ ಅಲ್ಲಿಗೆ ಮುಟ್ಟಬಹುದು.

ಅದಕ್ಕೇ ಒಂದು ಮಾತು. ಸ್ಕ್ಯಾನ್ ಆದ ಮೇಲೆ ದೊಡ್ಡ ಲಕೋಟೆಯಲ್ಲಿ ಫಿಲ್ಮ್ ಕೊಡುತ್ತಾರೆ, ನಾವು ಅದನ್ನು ಕಪಾಟಿನ ಮೇಲೆ ಏರಿಸಿಬಿಡುತ್ತೇವೆ. ಫಿಲ್ಮ್ ಕಣ್ಣಿಗೆ ಮಾತ್ರ. ಅಂಕಿಗಳಿರುವುದು ಸಿ.ಡಿ.ಯಲ್ಲಿ, ಅದನ್ನು ಕೇಳಿ ತೆಗೆದುಕೊಳ್ಳಿ. ಮೇ ಮುಗಿಯುವುದರೊಳಗೆ ಪೆನ್‌ಡ್ರೈವಿಗೂ ಹಾಕಿಸಿಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದಿದೆ?