ಫ್ಲಾಪಿಯೊಳಗಿನ ಹೊಂಗೆ ಮರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ಮಕ್ಕಳಿಗೆ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಮೇಷ್ಟ್ರು ಫೋನ್ ಮಾಡಿದ್ದರು. ಕೆಲಸ ಹೇಗೆ ಸಿಗುತ್ತದೆ, ಸಂಬಳ ಎಷ್ಟು ಎಂಬುದನ್ನು ಬೇರೆಯವರು ಹೇಳಿಯಾರು. ನಾನು ನನ್ನ ಕೈಯಲ್ಲಿರುವ ಈ ಕಪ್ಪು ಬಿಲ್ಲೆಯ ಬಗ್ಗೆ ಹೇಳುತ್ತೇನೆ. ಮಕ್ಕಳಿಗೆ ಇದು ಗೊತ್ತಿರಲಾರದು. ಇದರ ಹೆಸರು ಫ್ಲಾಪಿ. ಇದರಲ್ಲಿ ಹಿಡಿಯುವುದು 1.44 ಎಂಬಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಇದರಲ್ಲಿ ಹಿಡಿಯುವುದು ಕಷ್ಟ.

2003-04ರಲ್ಲಿ ನಾವು ಹತ್ತನೇ ತರಗತಿಯಲ್ಲಿದ್ದೆವು. ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದ ಕಾಲ ಅದು. ನಮ್ಮ ಶಾಲೆಯಲ್ಲೂ ಒಂದು ಕೋಣೆಗೆ ಹೊಸ ಬೀಗ ಬಿತ್ತು. ದೇವರ ಮನೆಗೆ ಹೋದ ಹಾಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ಕನ್ನಡ ಮೇಷ್ಟ್ರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದನ್ನು ಹೇಳಿಕೊಟ್ಟರು. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ ಅದು. ಅದರ ಕೀಲಿಮಣೆಯ ಹಿಂದೆ ಇದ್ದದ್ದು ಕೆ.ಪಿ. ರಾವ್ ಅವರ ಬುದ್ಧಿ.

ಆ ವರ್ಷ ನಾವು ಒಂದು ತರಗತಿ ಸಂಚಿಕೆ ಮಾಡಿದೆವು. ಕವನ, ಒಗಟು, ಅಜ್ಜಿ ಹೇಳಿದ ಕತೆ, ಎಲ್ಲವನ್ನೂ ನಾನು ಟೈಪ್ ಮಾಡಿದೆ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಪೇಂಟ್‌ನಲ್ಲಿ ನಮ್ಮ ಅಂಗಳದ ಹೊಂಗೆ ಮರವನ್ನು, ಅದರ ಕೆಳಗೆ ಊಟಕ್ಕೆ ಕೂತ ಮಕ್ಕಳನ್ನು ಬರೆದ. ಮೌಸ್ ಹಿಡಿದು ಎಲೆ ಎಲೆಯಾಗಿ ಬರೆಯಲು ಅವನಿಗೆ ಮೂರು ವಾರ ಹಿಡಿಯಿತು. ಅಚ್ಚು ಹಾಕಿಸೋಣ ಎಂದು ವಿಜಯನಗರದ ಒಂದು ಡಿಟಿಪಿ ಅಂಗಡಿಗೆ ಹೋದೆವು. ಪುಟಕ್ಕೆ ಅವರು ಹೇಳಿದ ದರ ಕೇಳಿ ಬಸ್ ಹತ್ತಿ ವಾಪಸ್ ಬಂದೆವು. ಹಾಗಾಗಿ ಆ ಸಂಚಿಕೆ ಕಾಗದವನ್ನೇ ಕಾಣಲಿಲ್ಲ. ಇದ್ದದ್ದು ಈ ಫ್ಲಾಪಿಯಲ್ಲಿ ಮಾತ್ರ, ಅದೂ ನನ್ನ ಬಳಿ.

2012ರಲ್ಲಿ ನನ್ನ ಗೆಳೆಯ ತನ್ನ ಮದುವೆಯಲ್ಲಿ ಕೇಳಿದ: "ಆ ಮರದ ಚಿತ್ರ ಒಂದು ಕಾಪಿ ಕೊಡೋ." ನಾನು ಆಗಲೇ ಬಿ.ಇ. ಮುಗಿಸಿ ಕೆಲಸದಲ್ಲಿದ್ದೆ. "ಅದೇನು ಮಹಾ, ಎರಡು ನಿಮಿಷದ ಕೆಲಸ, ಕೊಡ್ತೀನಿ ಬಿಡೋ" ಎಂದೆ. ಕೊಡಲಿಲ್ಲ. 2019ರಲ್ಲಿ ಅವನು ಕಾಯಿಲೆಯಿಂದ ತೀರಿಕೊಂಡ.

ಈ ಸಮಾರಂಭದ ನೆಪದಲ್ಲಿ ಫ್ಲಾಪಿಯನ್ನು ಅಮ್ಮನ ಟ್ರಂಕಿನಿಂದ ತೆಗೆದೆ. ಅದನ್ನು ಓದುವ ಯಂತ್ರವೇ ಈಗಿನ ಕಂಪ್ಯೂಟರ್‌ಗಳಲ್ಲಿ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹಳೆಯ ಡ್ರೈವ್ ಒಂದನ್ನು ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದೆ. ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ, ಫ್ಲಾಪಿಯ ಮೇಲೆ ಏನೂ ಬರೆಯಲಾಗದಂತೆ ಮಾಡಿ, ಇಡೀ ಫ್ಲಾಪಿಯನ್ನು ಮೊದಲು ನಕಲು ಮಾಡಿಕೊಂಡೆ. 2,880 ತುಣುಕುಗಳಲ್ಲಿ ಕೆಲವು ಎಷ್ಟು ಪ್ರಯತ್ನಿಸಿದರೂ ಓದಲು ಬರಲಿಲ್ಲ.

ಬರಹದ ಕಡತ ತೆರೆಯಿತು, ಆದರೆ ಕನ್ನಡ ಇರಲಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದವು. ಹೊದಿಕೆ ತೆಗೆದರೆ 'ಕನ್ನಡ' ಎಂಬ ಪದ ದೊಡ್ಡ ಪಿ, ತಲೆಗೆ ಗೀಟು ಹಾಕಿದ ಎ, ಪೌಂಡಿನ ಗುರುತು ಎಂದೆಲ್ಲ ಏಳು ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಯಾವ ದೇಶದ ಕಂಪ್ಯೂಟರ್ ಆದರೂ ಅದು ಕನ್ನಡವೇ. ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯೂನಿಕೋಡ್‌ಗೆ ತಂದೆ. ಅರ್ಕಾವತ್ತು ಮಾತ್ರ ತುಂಬ ಕಾಡಿತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಸಾಲು ಸಾಲು ಓದಿ ತಿದ್ದಿದೆ. ನಲವತ್ತು ಪುಟ ಬರಹವೂ ಉಳಿಯಿತು.

ಚಿತ್ರ ಅರ್ಧ ಉಳಿಯಿತು. ಪೇಂಟ್‌ನ ಬಿಟ್‌ಮ್ಯಾಪ್ ಕಡತ ಚಿತ್ರವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆದಿಡುತ್ತದೆ. ಕಡತದ ಕೊನೆಯ ಭಾಗ ಕೆಟ್ಟಿದ್ದರಿಂದ ಮರದ ಬುಡ, ಮಕ್ಕಳ ತಟ್ಟೆಗಳು, ಕಾಲುಗಳು ಬಂದವು. ಅವನು ಮೂರು ವಾರ ಬರೆದ ಎಲೆಗಳು ಬರಲಿಲ್ಲ. 2012ರಲ್ಲೇ ಮಾಡಿದ್ದರೆ ಬರುತ್ತಿದ್ದವೋ ಏನೋ. ಅವನ ತಾಯಿ ಇಂದು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅಮ್ಮ, ಆ ಅರ್ಧ ಚಿತ್ರವನ್ನು ಮುದ್ರಿಸಿ ಚೌಕಟ್ಟು ಹಾಕಿಸಿ ತಂದಿದ್ದೇನೆ. ತಡ ಮಾಡಿದ್ದಕ್ಕೆ ಕ್ಷಮಿಸಿ.

ಇದು ನನ್ನೊಬ್ಬನ ಕತೆಯಲ್ಲ. ಆಂಡಿ ವಾರ್ಹಾಲ್ ಎಂಬ ಅಮೆರಿಕದ ಪ್ರಸಿದ್ಧ ಕಲಾವಿದ 1985ರಲ್ಲಿ ಅಮಿಗ ಕಂಪ್ಯೂಟರಿನಲ್ಲಿ ಚಿತ್ರ ಬರೆದಿದ್ದರು. ಅವು ಫ್ಲಾಪಿಗಳಲ್ಲೇ ಉಳಿದು, 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರ ಶ್ರಮದಿಂದ ಹೊರಬಂದವು. ಅಷ್ಟು ದೊಡ್ಡ ಹೆಸರಿನವರ ಪಾಡೇ ಹೀಗೆ. ಫ್ಲ್ಯಾಶ್ ತಂತ್ರಜ್ಞಾನದಲ್ಲಿ ಮಾಡಿದ ಚಲಿಸುವ ಚಿತ್ರ, ಆಟಗಳು 2020ರ ಡಿಸೆಂಬರ್ 31ಕ್ಕೆ ಅಡೋಬಿಯ ಬೆಂಬಲ ನಿಂತ ಮೇಲೆ ತೆರೆಯದಾದವು. ಇಂಟರ್‌ನೆಟ್ ಆರ್ಕೈವ್‌ನಂಥವರು ರಫಲ್ ಎಂಬ ತಂತ್ರಾಂಶ ಬಳಸಿ ಒಂದಷ್ಟನ್ನು ಮತ್ತೆ ನಡೆಯುವಂತೆ ಮಾಡಿದ್ದಾರೆ. ನಮ್ಮಲ್ಲಿ 1996ರಲ್ಲೇ ಯು.ಬಿ. ಪವನಜ ಅವರು ವಿಶ್ವಕನ್ನಡ ಜಾಲತಾಣ ಆರಂಭಿಸಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಅಂದಿನಿಂದ ಎಷ್ಟು ಜನ ಮನೆಯಲ್ಲಿ ಕೂತು ಕತೆ, ಕವನ ಟೈಪ್ ಮಾಡಿರಬೇಕು! ರಾಜಾಜಿನಗರ, ಬಸವೇಶ್ವರನಗರದ ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಸ್ಮರಣ ಸಂಚಿಕೆ ತಯಾರಾಗಿರಬೇಕು! ಅವುಗಳಲ್ಲಿ ಎಷ್ಟು ಹಳೆಯ ಸಿಡಿಗಳಲ್ಲಿ ಕೂತಿವೆಯೋ.

ಕಂಪ್ಯೂಟರಿಗೆ ಹಾಕಿದರೆ ಶಾಶ್ವತ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಮಗೆ ಸಿಕ್ಕಿದ್ದು ಅಂದು ಬರೆದ ಓಲೆಯಿಂದಲ್ಲ. ಓಲೆ ಹುಳು ಹಿಡಿಯುವ ಮೊದಲು ಯಾರೋ ಕೂತು ಪ್ರತಿ ಮಾಡಿದರು, ಅವರ ಪ್ರತಿಯನ್ನು ಮತ್ತೊಬ್ಬರು ಪ್ರತಿ ಮಾಡಿದರು. ಫ್ಲಾಪಿಗೂ, ಪೆನ್‌ಡ್ರೈವಿಗೂ, ಫೋನಿಗೂ ಇದೇ ನಿಯಮ. ಓಲೆ ನೂರಾರು ವರ್ಷ ಕಾಯುತ್ತಿತ್ತು, ಇವು ಹತ್ತಿಪ್ಪತ್ತು ವರ್ಷವೂ ಕಾಯುವ ಭರವಸೆ ಇಲ್ಲ.

ಅದಕ್ಕೇ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಶಾಲೆಗೆ ಸಂಬಂಧಿಸಿದ ಫ್ಲಾಪಿ, ಸಿಡಿ, ಹಳೆಯ ಮೊಬೈಲ್ ಇದ್ದರೆ ತಂದುಕೊಡಿ. ಗುಜರಿಗೆ ಹಾಕಬೇಡಿ. ನಾವು ಕೆಲವು ಗೆಳೆಯರು ನಕಲು ಮಾಡಿ, ಕನ್ನಡವನ್ನು ಯೂನಿಕೋಡ್‌ಗೆ ತಂದು, ವಸ್ತುವನ್ನು ನಿಮಗೇ ಹಿಂದಿರುಗಿಸುತ್ತೇವೆ. ಒಂದು ಪ್ರತಿ ಶಾಲೆಯಲ್ಲಿ, ಒಂದು ಊರಿನ ಗ್ರಂಥಾಲಯದಲ್ಲಿ, ಒಂದು ನಮ್ಮ ಬಳಿ ಇರುತ್ತದೆ. ಯಾರು ಬರೆದದ್ದು, ಯಾವ ವರ್ಷ ಎಂಬುದನ್ನೂ ಬರೆದಿಡುತ್ತೇವೆ. ಬರೆದವರು ಅಥವಾ ಅವರ ಮನೆಯವರು ಒಪ್ಪದೆ ಯಾವುದನ್ನೂ ಹೊರಗೆ ಹಂಚುವುದಿಲ್ಲ. ಪ್ರತಿ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಇಬ್ಬರು ಮಕ್ಕಳು ಎಲ್ಲ ಕಡತ ತೆರೆದು ನೋಡಬೇಕು. ತೆರೆಯದಿದ್ದರೆ ನಮಗೆ ಫೋನ್ ಮಾಡಬೇಕು. ಅಷ್ಟೇ ಕೆಲಸ.

ಮಕ್ಕಳೇ, ಅಂಗಳದ ಹೊಂಗೆ ಮರ ಇನ್ನೂ ಹಾಗೇ ಇದೆ. ಯಾರಾದರೂ ಅದರ ಚಿತ್ರ ಬರೆದರೆ, ಅಂದೇ ಮೂರು ಕಡೆ ಇಡಿ. ಗೆಳೆಯ ಕೇಳಿದರೆ ಅಂದೇ ಕೊಡಿ.