ಥೈರಾಯ್ಡಿನ ಅಲ್ಪ ಕೊರತೆಯೂ ಹೃದಯವೂ
(ಒಡ್ಡನ್‌ಛತ್ರಂನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ವೈದ್ಯರ ಚೀಟಿಯಲ್ಲಿ ಇಂಗ್ಲಿಷ್. ಈ ಸೀಮೆಯಲ್ಲಿ ನೆಲೆಸಿದ ನಮ್ಮ ಬಾಳು ಹೀಗೆ ಮೂರು ನುಡಿಗಳಲ್ಲಿ ಸಾಗುತ್ತಿದೆ. ಚೀಟಿಯ ಅರ್ಥವು ಮನೆಯ ನುಡಿಗೆ ಇಳಿಯದಿದ್ದರೆ ಆಗುವ ಕೇಡನ್ನು ನಾವು ನೆರೆಮನೆಯಲ್ಲಿಯೇ ಕಂಡೆವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಆಯಾಸ ಹೋಗಲಿಲ್ಲವೆಂದು ಥೈರಾಯ್ಡ್ ಮಾತ್ರೆಯನ್ನು ತಾವಾಗಿಯೇ ಎರಡರಷ್ಟು ಮಾಡಿಕೊಂಡರು. ಕೆಲವು ವಾರಗಳಲ್ಲಿ ಎದೆ ಡವಗುಟ್ಟಿ ನಾಡಿಯು ತಾಳ ತಪ್ಪಿತು. ಆದುದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ರಸವನ್ನು ಸ್ರವಿಸುತ್ತದೆ. ಗ್ರಂಥಿಯು ಸೊರಗಿದಾಗ, ಮಿದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿಯು ಟಿ.ಎಸ್.ಎಚ್. ಎಂಬ ರಸವನ್ನು ಹೆಚ್ಚಾಗಿ ಕಳುಹಿಸಿ ಅದನ್ನು ದುಡಿಯಲು ಹಚ್ಚುತ್ತದೆ. ಥೈರಾಕ್ಸಿನ್ ಸರಿಯಾಗಿದ್ದು ಟಿ.ಎಸ್.ಎಚ್. ಮಾತ್ರ ಏರಿದ್ದರೆ ಅದೇ ಅಲ್ಪ ಕೊರತೆ. ಬೆಂಗಳೂರು, ಚೆನ್ನೈ ಸೇರಿದಂತೆ ಎಂಟು ನಗರಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 8 ಮಂದಿಯಲ್ಲಿ ಇದು ಕಂಡುಬಂದಿತು.

ತೀವ್ರ ಕೊರತೆಯಿಂದ ಹೃದಯವು ಹಿಗ್ಗಿ ಮಂದವಾಗುವುದನ್ನು 1918ರಲ್ಲಿಯೇ ಜರ್ಮನಿಯ ವೈದ್ಯ ಹರ್ಮನ್ ಜೊಂಡೆಕ್ ವಿವರಿಸಿದ್ದರು. ಅಲ್ಪ ಕೊರತೆಯ ಕೆಲಸ ಸೂಕ್ಷ್ಮವಾದುದು. ಹಿಂದೆ ಕಪಿಲೆ ಹೊಡೆಯುತ್ತಿದ್ದ ಹಿರಿಯರು ಬಲ್ಲರು: ತೊಗಲಚೀಲವು ಬಾವಿಗಿಳಿದು ತುಂಬಿಕೊಳ್ಳದಿದ್ದರೆ ಎತ್ತುಗಳು ಎಷ್ಟು ಎಳೆದರೂ ನೀರು ಸಾಲದು. ಹೃದಯವೂ ಬಡಿತ ಬಡಿತಕ್ಕೂ ಸಡಿಲಗೊಂಡು ತುಂಬಿಕೊಳ್ಳಬೇಕು. ಅಲ್ಪ ಕೊರತೆಯಲ್ಲಿ ಈ ಸಡಿಲಿಕೆಯು ನಿಧಾನವಾಗಬಹುದು, ರಕ್ತನಾಳಗಳು ಬಿಗಿಯಾಗಬಹುದು, ರಕ್ತದಲ್ಲಿ ಕೆಟ್ಟ ಕೊಬ್ಬು ಏರಬಹುದು.

ಹಾಗಾದರೆ ಎಲ್ಲರಿಗೂ ಮಾತ್ರೆ ಬೇಕೆ? ಟಿ.ಎಸ್.ಎಚ್. ಹತ್ತಕ್ಕೆ ಮೀರಿದವರಲ್ಲಿ ಹೃದ್ರೋಗದ ಅಪಾಯವು ಹೆಚ್ಚೆಂದು ಕಂಡುಬಂದಿರುವುದರಿಂದ ವೈದ್ಯರು ಸಾಮಾನ್ಯವಾಗಿ ಅವರಿಗೆ ಔಷಧ ಕೊಡುತ್ತಾರೆ. ಗರ್ಭಿಣಿಯರ ಲೆಕ್ಕವೇ ಬೇರೆ. ಅವರು ತಡಮಾಡದೆ ವೈದ್ಯರನ್ನು ಕಾಣಬೇಕು. ಆದರೆ ವೃದ್ಧರಲ್ಲಿ ಟಿ.ಎಸ್.ಎಚ್. ಕೊಂಚ ಏರುವುದು ವಯಸ್ಸಿನ ಸಹಜ ಗುಣವೂ ಆಗಿರಬಹುದು. ಯೂರೋಪಿನಲ್ಲಿ 65 ವರ್ಷ ತುಂಬಿದ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಜವಾದ ಮಾತ್ರೆ ತೆಗೆದುಕೊಂಡವರ ಆಯಾಸವು ಹುಸಿಮಾತ್ರೆಯವರಿಗಿಂತ ಕಡಿಮೆಯಾಗಲಿಲ್ಲ. ಅವರಲ್ಲಿ ಕೆಲವರ ಹೃದಯವನ್ನು ಪರೀಕ್ಷಿಸಿದಾಗಲೂ ಗಣನೀಯ ಭೇದ ಕಾಣಲಿಲ್ಲ. ಮಾತ್ರೆ ಮಿತಿಮೀರಿದರೆ ಮಾತ್ರ ನಾಡಿ ತಾಳತಪ್ಪುವುದು, ಎಲುಬು ಸವೆಯುವುದು ನಿಶ್ಚಿತವಾದ ಅಪಾಯಗಳು.

ನಮ್ಮ ಊರು ತರಕಾರಿ ಮಾರುಕಟ್ಟೆಗೆ ಹೆಸರಾದುದು. ಆದುದರಿಂದ ಎಲೆಕೋಸನ್ನು ಬಿಡಬೇಕೇ ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು. ಎಲೆಕೋಸನ್ನೇ ತಿಂದ ಮೊಲಗಳಿಗೆ ಗಳಗಂಡ ಬಂದುದನ್ನು 1928ರಲ್ಲಿ ಅಮೆರಿಕದಲ್ಲಿ ಕಂಡರು. ಮನುಷ್ಯರು ಅದನ್ನು ಬೇಯಿಸಿ, ಮಿತವಾಗಿ, ಅಯೋಡಿನ್ ಬೆರೆತ ಉಪ್ಪಿನೊಡನೆ ಉಣ್ಣುವುದರಿಂದ ಭಯವಿಲ್ಲ.

ಔಷಧ ಬೇಕಾದವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ನುಂಗಿ, ಕಾಫಿಗೆ ಮುನ್ನ ಅರ್ಧ ಗಂಟೆಯಾದರೂ ಕಾಯಬೇಕು. ಕಬ್ಬಿಣದ, ಸುಣ್ಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಹೃದ್ರೋಗವಿದ್ದವರಿಗೆ ಅಲ್ಪ ಪ್ರಮಾಣದಿಂದಲೇ ಆರಂಭಿಸಬೇಕು. ಪ್ರಮಾಣ ಬದಲಾದ ಆರರಿಂದ ಎಂಟು ವಾರಗಳ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸಬೇಕು.

ಆ ಅಜ್ಜಿಯವರು ವೈದ್ಯರ ಮಾತಿನಂತೆ ಪ್ರಮಾಣ ತಗ್ಗಿಸಿಕೊಂಡು ಚೇತರಿಸಿಕೊಂಡರು. ಎಲ್ಲರಿಗೂ ಆ ಭಾಗ್ಯ ದೊರೆಯುವುದೆಂದು ಹೇಳಲಾಗದು. ಮಾತ್ರೆಯನ್ನು ತಾವಾಗಿ ಏರಿಸಬೇಡಿ, ತಾವಾಗಿ ಬಿಡಲೂ ಬೇಡಿ. ಕಲಿತ ಮಕ್ಕಳು ಹಿರಿಯರ ಚೀಟಿಯನ್ನು ತಾಯ್ನುಡಿಯಲ್ಲಿ ಓದಿ ಹೇಳಲಿ. ಅವರನ್ನು ಓದಿಸಿದುದಕ್ಕೆ ಇದೂ ಒಂದು ಸಾರ್ಥಕ ಫಲವಲ್ಲವೇ?